ವೆಬ್ ಅನಿಮೇಷನ್ ಕಲಿಯುವವರ ಮೊದಲ ಪುಸ್ತಕ: ಕೊಳ್ಳುವ ಮುನ್ನ ಏನು ನೋಡಬೇಕು?

2009ರ ಮಳೆಗಾಲದಲ್ಲಿ ನಾನು ಬೆಳಗಾವಿಯ ಹಳೆಯ ಪುಸ್ತಕಗಳ ಅಂಗಡಿಯೊಂದರಿಂದ ಜಾಲಪುಟಗಳಿಗೆ ಅನಿಮೇಷನ್ ಮಾಡುವ ಫ್ಲ್ಯಾಶ್ ಎಂಬ ತಂತ್ರಾಂಶವನ್ನು ಕಲಿಸುವ ದಪ್ಪ ಪುಸ್ತಕವೊಂದನ್ನು ಅರ್ಧ ಬೆಲೆಗೆ ಕೊಂಡು ತಂದೆ. ಹೊಸದಾಗಿ ಕಲಿಯುವವರಿಗಾಗಿ ಎಂದು ಅದರ ಮುಖಪುಟದ ಮೇಲೆಯೇ ಅಚ್ಚಾಗಿತ್ತು. ಚಿತ್ರ ಬಿಡಿಸುವ, ಬಣ್ಣ ತುಂಬುವ ಅಧ್ಯಾಯಗಳು ಸಲೀಸಾಗಿ ಸಾಗಿದವು. ಮುಂದೆ ಒಂದು ಕಡೆ, ಬಟನ್ ಒಂದನ್ನು ರಚಿಸಿ, ಅದನ್ನು ಆರಿಸಿಕೊಂಡು, ಆಕ್ಷನ್ಸ್ ಪ್ಯಾನೆಲ್‌ನಲ್ಲಿ ಮೂರು ಸಾಲು ಕೋಡ್ ಬರೆಯಿರಿ ಎಂದು ಸೂಚಿಸಲಾಗಿತ್ತು. ಪ್ಯಾನೆಲ್ ತೆರೆದರೆ ಅಲ್ಲಿ ಬರೆಯಲು ಜಾಗವೇ ಇರಲಿಲ್ಲ. ಆರಿಸಿರುವ ವಸ್ತುವಿಗೆ ಆಕ್ಷನ್ ಸೇರಿಸಲು ಬರುವುದಿಲ್ಲ ಎಂಬ ಒಂದು ಸಾಲಿನ ಸೂಚನೆ ಮಾತ್ರ ಕಾಣುತ್ತಿತ್ತು. ಎರಡು ದಿನ ಅದನ್ನೇ ಮತ್ತೆ ಮತ್ತೆ ಮಾಡಿ ನೋಡಿದೆ. ಆ ಪುಸ್ತಕ ಫ್ಲ್ಯಾಶ್‌ನ ಕೋಡ್ ಭಾಷೆಯಾದ ಆಕ್ಷನ್‌ಸ್ಕ್ರಿಪ್ಟ್ 2ಕ್ಕಾಗಿ ಬರೆದದ್ದಾಗಿತ್ತು. ನಾನು ತೆರೆದಿದ್ದ ಕಡತ ಆಕ್ಷನ್‌ಸ್ಕ್ರಿಪ್ಟ್ 3ರದ್ದು. 2006ರಲ್ಲಿ ಫ್ಲ್ಯಾಶ್ ಪ್ಲೇಯರ್ 9ರ ಜೊತೆಗೆ ಬಂದ ಈ ಮೂರನೆಯ ರೂಪದಲ್ಲಿ ಕೋಡನ್ನು ಬಟನ್ ಮೇಲೆ ಬರೆಯುವ ಪದ್ಧತಿಯನ್ನೇ ತೆಗೆದುಹಾಕಿದ್ದರು. ಪುಸ್ತಕದಲ್ಲಿ ಒಂದು ತಪ್ಪೂ ಇರಲಿಲ್ಲ, ಆದರೆ ಅದು ನನ್ನ ಮುಂದಿದ್ದ ತಂತ್ರಾಂಶದ ಪುಸ್ತಕವೇ ಆಗಿರಲಿಲ್ಲ.

ಈಗ ಪ್ರತಿ ವರ್ಷ ಕಾಲೇಜುಗಳು ಶುರುವಾಗುವ ಹೊತ್ತಿಗೆ ಗೋಕಾಕ, ಬೈಲಹೊಂಗಲ, ಜಮಖಂಡಿಗಳಿಂದ ಬೆಳಗಾವಿಗೆ ಕಲಿಯಲು ಬರುವ ಹುಡುಗ ಹುಡುಗಿಯರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ಸರ್, ವೆಬ್ ಅನಿಮೇಷನ್ ಕಲಿಯಾಕ ಯಾವ ಪುಸ್ತಕ ತಗೋಬೇಕ್ರಿ?" ಒಂದು ಹೆಸರು ಹೇಳಿ ಕಳಿಸುವುದು ಸುಲಭ, ಆದರೆ ಆ ಉತ್ತರ ಒಂದೆರಡು ವರ್ಷವೂ ಬಾಳುವುದಿಲ್ಲ. ಈ ವಿಷಯದ ಪ್ರತಿಯೊಂದು ಪುಸ್ತಕದಲ್ಲಿಯೂ ಎರಡು ಬಗೆಯ ತಿಳಿವಳಿಕೆ ಬೆರೆತಿರುತ್ತದೆ. ಯಾವ ಮೆನುವಿನಲ್ಲಿ ಯಾವ ಆಜ್ಞೆ ಇದೆ ಎಂಬುದು ಬೇಗನೆ ಹಳತಾಗುತ್ತದೆ. ಒಂದು ಚಲನೆ ಕಣ್ಣಿಗೆ ಏಕೆ ನಿಜವೆನಿಸುತ್ತದೆ, ಇನ್ನೊಂದು ಏಕೆ ಅನಿಸುವುದಿಲ್ಲ ಎಂಬುದು ಹಳತಾಗುವುದಿಲ್ಲ. ಮೊದಲನೆಯದು ನಮ್ಮ ಕಂಪ್ಯೂಟರಿನಲ್ಲಿರುವ ಆವೃತ್ತಿಗೆ ಸರಿಹೊಂದಬೇಕು, ಎರಡನೆಯದನ್ನು ಪುಸ್ತಕವು ಕಾರಣಸಹಿತ ಹೇಳಬೇಕು. ಈ ಎರಡನ್ನೂ ಅಂಗಡಿಯಲ್ಲಿಯೋ ಗ್ರಂಥಾಲಯದಲ್ಲಿಯೋ ನಿಂತು ಹದಿನೈದು ನಿಮಿಷಗಳಲ್ಲಿ ಪರೀಕ್ಷಿಸಲು ಬರುತ್ತದೆ.

ಮೊದಲು ತಿಳಿಯಬೇಕಾದದ್ದು, ವೆಬ್ ಅನಿಮೇಷನ್ ಎಂಬ ಒಂದೇ ಹೆಸರಿನ ಅಡಿಯಲ್ಲಿ ಬೇರೆ ಬೇರೆ ಕಸುಬುಗಳಿವೆ ಎಂಬುದು. ಟೈಮ್‌ಲೈನ್ ಎಂಬ ಕಾಲದ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಚಿತ್ರ ಬಿಡಿಸಿ ಚಲಿಸುವಂತೆ ಮಾಡುವುದು ಒಂದು ದಾರಿ. ಫ್ಲ್ಯಾಶ್ ಮತ್ತು ಅದರ ಉತ್ತರಾಧಿಕಾರಿಯಾದ ಅಡೋಬಿ ಅನಿಮೇಟ್ ಈ ಸಾಲಿನವು. ಚಿತ್ರ ಬಿಡಿಸುವ ತಂತ್ರಾಂಶವೇ ಇಲ್ಲದೆ, ಪುಟದಲ್ಲಿ ಈಗಾಗಲೇ ಇರುವ ಅಕ್ಷರ, ಪೆಟ್ಟಿಗೆ, ಎಸ್‌ವಿಜಿ ಎಂಬ ರೇಖಾಚಿತ್ರಗಳನ್ನು ಸಿಎಸ್‌ಎಸ್ (ಪುಟದ ರೂಪ ನಿರ್ಧರಿಸುವ ಭಾಷೆ) ಅಥವಾ ಜಾವಾಸ್ಕ್ರಿಪ್ಟ್ (ಬ್ರೌಸರಿನಲ್ಲಿ ಓಡುವ ಪ್ರೋಗ್ರಾಮಿಂಗ್ ಭಾಷೆ) ಕೋಡಿನಿಂದ ಚಲಿಸುವಂತೆ ಮಾಡುವುದು ಇನ್ನೊಂದು ದಾರಿ. ಆಫ್ಟರ್ ಎಫೆಕ್ಟ್ಸ್ ಎಂಬ ವಿಡಿಯೊ ತಂತ್ರಾಂಶದಲ್ಲಿ ಅನಿಮೇಷನ್ ಮಾಡಿ, ಅದನ್ನು ಬಾಡಿಮೂವಿನ್ ಎಂಬ ಪ್ಲಗಿನ್ (ಅದಕ್ಕೆ ಜೋಡಿಸುವ ಕಿರುತಂತ್ರಾಂಶ) ಮೂಲಕ ಜೇಸನ್ ಎಂಬ ಪಠ್ಯರೂಪದ ಕಡತವಾಗಿಸಿ, ಏರ್‌ಬಿಎನ್‌ಬಿ ಸಂಸ್ಥೆ 2017ರಲ್ಲಿ ಹೊರತಂದ ಲಾಟಿ ಎಂಬ ಸಾಧನದಿಂದ ಆ್ಯಪ್ ಮತ್ತು ಜಾಲಪುಟಗಳಲ್ಲಿ ಆಡಿಸುವುದು ಮೂರನೆಯದು. ಕಾರ್ಟೂನ್ ಮಾಡಬೇಕೆಂಬ ಆಸೆಯುಳ್ಳವರು ಸಿಎಸ್‌ಎಸ್ ಪುಸ್ತಕ ಕೊಂಡರೆ ನಾಲ್ಕನೆಯ ದಿನಕ್ಕೆ ಬೇಸತ್ತು ಬಿಡುತ್ತಾರೆ. ಅಂಗಡಿಗಳ ಜಾಲತಾಣ ಮಾಡಿಕೊಟ್ಟು ಸಂಪಾದಿಸಬೇಕೆನ್ನುವವರು ಪಾತ್ರಗಳ ನಡಿಗೆ ಕಲಿಸುವ ಪುಸ್ತಕ ಹಿಡಿದು ಕೂತರೆ ಕೆಲಸ ಸಿಗುವ ವಿದ್ಯೆ ದೂರವೇ ಉಳಿಯುತ್ತದೆ. ಮುಖಪುಟದ ಹೆಸರಿನಿಂದ ಇದು ತಿಳಿಯದು. ಪುಸ್ತಕದ ಕೊನೆಯ ಅಧ್ಯಾಯದ ಪ್ರಾಜೆಕ್ಟ್ ಯಾವುದೆಂದು ನೋಡಿದರೆ ಕೂಡಲೇ ತಿಳಿಯುತ್ತದೆ, ಏಕೆಂದರೆ ಲೇಖಕ ಓದುಗನನ್ನು ಎಲ್ಲಿಗೆ ಮುಟ್ಟಿಸಬೇಕೆಂದಿದ್ದಾನೋ ಅದು ಅಲ್ಲಿರುತ್ತದೆ.

ಫ್ಲ್ಯಾಶ್ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಮ್ಮ ಭಾಗದ ಗ್ರಂಥಾಲಯಗಳಲ್ಲಿಯೂ ಹಳೆಯ ಪುಸ್ತಕದಂಗಡಿಗಳಲ್ಲಿಯೂ ಈಗಲೂ ಅದರ ಪುಸ್ತಕಗಳು ಕೈಗೆ ಸಿಗುತ್ತವೆ. 1996ರಲ್ಲಿ ಫ್ಯೂಚರ್‌ಸ್ಪ್ಲ್ಯಾಶ್ ಎಂಬ ಹೆಸರಿನಿಂದ ಹುಟ್ಟಿದ ಈ ತಂತ್ರಾಂಶ ಅದೇ ವರ್ಷ ಮ್ಯಾಕ್ರೋಮೀಡಿಯಾ ಕಂಪನಿಯ ಕೈಸೇರಿ ಫ್ಲ್ಯಾಶ್ ಆಯಿತು. 2005ರಲ್ಲಿ ಮ್ಯಾಕ್ರೋಮೀಡಿಯಾವನ್ನೇ ಅಡೋಬಿ ಕೊಂಡಿತು. ಐಫೋನ್ 2007ರಲ್ಲಿ ಬಂದಾಗಿನಿಂದಲೂ ತನ್ನ ಬ್ರೌಸರಿನೊಳಗೆ ಫ್ಲ್ಯಾಶ್‌ಗೆ ಜಾಗ ಕೊಡಲಿಲ್ಲ. 2016ರಲ್ಲಿ ತಂತ್ರಾಂಶದ ಹೆಸರು ಅನಿಮೇಟ್ ಎಂದು ಬದಲಾಯಿತು. ಬ್ರೌಸರಿನಲ್ಲಿ ಅದನ್ನು ಆಡಿಸುತ್ತಿದ್ದ ಫ್ಲ್ಯಾಶ್ ಪ್ಲೇಯರ್‌ಗೆ ಅಡೋಬಿಯ ಬೆಂಬಲ 2020ರ ಡಿಸೆಂಬರ್ 31ಕ್ಕೆ ನಿಂತಿತು, 2021ರ ಜನವರಿ 12ರಿಂದ ಪ್ಲೇಯರ್ ಆ ಕಡತಗಳನ್ನು ಆಡಿಸುವುದನ್ನೇ ನಿಲ್ಲಿಸಿತು. ಆದ್ದರಿಂದ ಹಳೆಯ ಫ್ಲ್ಯಾಶ್ ಪುಸ್ತಕದಲ್ಲಿ ಜಾಲಪುಟಕ್ಕೆ ಪ್ರಕಟಿಸುವ ಅಧ್ಯಾಯಗಳು ಮತ್ತು ಆಕ್ಷನ್‌ಸ್ಕ್ರಿಪ್ಟ್ ಅಧ್ಯಾಯಗಳು ಇಂದು ವೆಬ್ ಕೆಲಸಕ್ಕೆ ಉಪಯೋಗಕ್ಕೆ ಬರುವುದಿಲ್ಲ. ಹಾಗೆಂದು ಇಡೀ ಪುಸ್ತಕ ರದ್ದಿಯಲ್ಲ. ಎಫ್ 5 ಒತ್ತಿದರೆ ಫ್ರೇಮ್ (ಅನಿಮೇಷನ್‌ನ ಒಂದೊಂದು ಚಿತ್ರ) ಹೆಚ್ಚುತ್ತದೆ, ಎಫ್ 6 ಒತ್ತಿದರೆ ಕೀಫ್ರೇಮ್ (ಬದಲಾವಣೆಯನ್ನು ಗುರುತಿಸುವ ಫ್ರೇಮ್) ಕೂಡುತ್ತದೆ, ಎಫ್ 7 ಒತ್ತಿದರೆ ಖಾಲಿ ಕೀಫ್ರೇಮ್ ಬರುತ್ತದೆ, ಎಫ್ 8 ಒತ್ತಿದರೆ ಚಿತ್ರ ಸಿಂಬಲ್ (ಮತ್ತೆ ಮತ್ತೆ ಬಳಸಬಹುದಾದ ಮೂಲಚಿತ್ರ) ಆಗುತ್ತದೆ ಎಂಬ ಪಾಠ ಇಪ್ಪತ್ತು ವರ್ಷದ ಹಿಂದಿನ ಪುಸ್ತಕದಲ್ಲಿದ್ದರೂ ಅನಿಮೇಟ್‌ನಲ್ಲಿ ಹಾಗೆಯೇ ನಡೆಯುತ್ತದೆ. ಗ್ರಂಥಾಲಯದಿಂದ ಎರವಲು ತಂದು ಆ ಭಾಗವನ್ನು ಓದಲು ಅಡ್ಡಿಯಿಲ್ಲ, ದುಡ್ಡು ಕೊಟ್ಟು ಕೊಳ್ಳಬಾರದು ಎಂಬುದಷ್ಟೇ ನನ್ನ ಅಭಿಪ್ರಾಯ.

ಹಾಗಾಗಿ ಪುಸ್ತಕ ಕೈಗೆ ತೆಗೆದುಕೊಂಡಾಗ ಮೊದಲು ತೆರೆಯಬೇಕಾದದ್ದು ಹೆಸರುಪುಟದ ಹಿಂಬದಿ. ಮುದ್ರಣದ ವರ್ಷ ಬೇರೆ, ಆವೃತ್ತಿಯ ವರ್ಷ ಬೇರೆ. ಮರುಮುದ್ರಣವಾದ ಹಳೆಯ ಪುಸ್ತಕ ಕಾಗದದ ಬಿಳುಪಿನಿಂದ ಹೊಸದಾಗಿ ಕಾಣುತ್ತದೆ. ಪುಸ್ತಕ ಯಾವ ಆವೃತ್ತಿಯ ತಂತ್ರಾಂಶಕ್ಕೆ ಬರೆದದ್ದು ಎಂಬುದನ್ನು ಅಲ್ಲಿ ಅಥವಾ ಮುನ್ನುಡಿಯಲ್ಲಿ ಹುಡುಕಬೇಕು. ಎಲ್ಲಿಯೂ ಹೇಳಿಲ್ಲವೆಂದರೆ ಅಂಥ ಪುಸ್ತಕವನ್ನು ಕೆಳಗಿಡುವುದೇ ಒಳ್ಳೆಯದು.

ಆವೃತ್ತಿಯ ವ್ಯತ್ಯಾಸ ಕೆಲವೊಮ್ಮೆ ಕಣ್ಣಿಗೆ ಬೀಳದ ಹಾಗೆ ಇರುತ್ತದೆ, ಹೊಸಬರಿಗೆ ಹೆಚ್ಚು ತೊಂದರೆ ಕೊಡುವುದೂ ಅದೇ. ಫ್ಲ್ಯಾಶ್‌ನ 2008ರ ಸಿಎಸ್4 ಆವೃತ್ತಿಯಲ್ಲಿ ಅಡೋಬಿಯು ವಸ್ತುವಿಗೇ ಅಂಟಿಕೊಳ್ಳುವ ಹೊಸ ಬಗೆಯ ಟ್ವೀನ್ (ಎರಡು ಕೀಫ್ರೇಮುಗಳ ನಡುವಿನ ಚಲನೆಯನ್ನು ತಂತ್ರಾಂಶವೇ ತುಂಬುವ ವಿಧಾನ) ಒಂದನ್ನು ತಂದು ಅದಕ್ಕೆ ಮೋಷನ್ ಟ್ವೀನ್ ಎಂದು ಹೆಸರಿಟ್ಟಿತು. ಅಲ್ಲಿಯವರೆಗೆ ಮೋಷನ್ ಟ್ವೀನ್ ಎನ್ನಿಸಿಕೊಂಡಿದ್ದ ಹಳೆಯದಕ್ಕೆ ಕ್ಲಾಸಿಕ್ ಟ್ವೀನ್ ಎಂಬ ಹೆಸರು ಬಂತು. ಹಳೆಯ ಪುಸ್ತಕ ಓದಿ ಹೊಸ ತಂತ್ರಾಂಶದಲ್ಲಿ ಮೋಷನ್ ಟ್ವೀನ್ ಆರಿಸಿದವನಿಗೆ ಆಜ್ಞೆಯೇನೋ ಸಿಗುತ್ತದೆ, ಆದರೆ ಮುಂದಿನ ಒಂದು ಹೆಜ್ಜೆಯೂ ಪುಸ್ತಕದಲ್ಲಿದ್ದಂತೆ ನಡೆಯುವುದಿಲ್ಲ. ಇಂಥದೇ ಇನ್ನೊಂದು: ಆಕ್ಷನ್‌ಸ್ಕ್ರಿಪ್ಟ್‌ನಲ್ಲಿ ಫ್ರೇಮುಗಳ ಎಣಿಕೆ 1ರಿಂದ ಶುರುವಾಗುತ್ತಿತ್ತು, ಬ್ರೌಸರಿನಲ್ಲಿ ನೇರವಾಗಿ ಓಡುವ, ಅನಿಮೇಟ್‌ನ ಎಚ್‌ಟಿಎಮ್‌ಎಲ್5 ಕ್ಯಾನ್ವಾಸ್ ಕಡತದಲ್ಲಿ ಕೋಡ್ ಎಣಿಸುವುದು 0ಯಿಂದ. ಟೈಮ್‌ಲೈನ್‌ನಲ್ಲಿ 10 ಎಂದು ಕಾಣುವ ಫ್ರೇಮಿಗೆ ಹೋಗಬೇಕೆಂದರೆ ಕೋಡಿನಲ್ಲಿ 9 ಎಂದು ಬರೆಯಬೇಕು. ಕ್ಯಾನ್ವಾಸ್ ಕಲಿಸುತ್ತೇನೆನ್ನುವ ಪುಸ್ತಕದಲ್ಲಿ ಈ ಒಂದು ಸಾಲು ಇದೆಯೇ ಎಂದು ನಾನು ತಪ್ಪದೆ ನೋಡುತ್ತೇನೆ. ಲೇಖಕರು ನಿಜವಾಗಿ ಮಾಡಿ ನೋಡಿ ಬರೆದಿದ್ದರೆ ಅವರು ಇಲ್ಲಿ ಒಮ್ಮೆಯಾದರೂ ಎಡವಿರುತ್ತಾರೆ, ಎಡವಿದ್ದರೆ ಬರೆದಿರುತ್ತಾರೆ.

ಇನ್ನು ಕಾರಣ ಹೇಳುವ ಪುಸ್ತಕವನ್ನು ಗುರುತಿಸುವುದು ಹೇಗೆ? ಇದಕ್ಕೆ ಪುಟಿಯುವ ಚೆಂಡಿನ ಪಾಠಕ್ಕಿಂತ ಒಳ್ಳೆಯ ಒರೆಗಲ್ಲು ನನಗೆ ಸಿಕ್ಕಿಲ್ಲ. ಹೆಚ್ಚುಕಡಿಮೆ ಎಲ್ಲ ಪುಸ್ತಕಗಳಲ್ಲಿಯೂ ಈ ಪಾಠ ಇರುತ್ತದೆ. ಮೇಲೊಂದು ಕೀಫ್ರೇಮ್, ಕೆಳಗೊಂದು ಕೀಫ್ರೇಮ್ ಇಟ್ಟು ನಡುವೆ ಟ್ವೀನ್ ಹಾಕಿ ಎಂದು ಹೇಳಿ ಮುಂದಿನ ಪಾಠಕ್ಕೆ ಹೋಗುವ ಪುಸ್ತಕ ಗುಂಡಿ ಒತ್ತುವುದನ್ನು ಕಲಿಸಿತು, ಅನಿಮೇಷನ್ ಕಲಿಸಲಿಲ್ಲ. ನಾಲ್ಕು ಅಡಿ ಎತ್ತರದಿಂದ ಕೈಬಿಟ್ಟ ಚೆಂಡು ಸುಮಾರು ಅರ್ಧ ಸೆಕೆಂಡಿನಲ್ಲಿ ನೆಲ ಮುಟ್ಟುತ್ತದೆ. ಸೆಕೆಂಡಿಗೆ 24 ಫ್ರೇಮುಗಳ ಲೆಕ್ಕದಲ್ಲಿ ಅದು 12 ಫ್ರೇಮು. ಪರದೆಯ ಮೇಲೆ ಆ ಎತ್ತರ 320 ಪಿಕ್ಸೆಲ್ ಎಂದುಕೊಳ್ಳೋಣ. ಬರಿಯ ಟ್ವೀನ್ ಹಾಕಿದರೆ ಚೆಂಡು ಪ್ರತಿ ಮೂರು ಫ್ರೇಮಿಗೆ 80 ಪಿಕ್ಸೆಲ್‌ನಂತೆ ಸಮನಾಗಿ ಇಳಿಯುತ್ತದೆ. ನೋಡಿದವರಿಗೆ ಅದು ದಾರ ಕಟ್ಟಿ ಇಳಿಬಿಟ್ಟಂತೆ ಅನಿಸುತ್ತದೆ. ನಿಜವಾದ ಚೆಂಡು ಮೊದಲ ಮೂರು ಫ್ರೇಮಿನಲ್ಲಿ 20, ಮುಂದಿನ ಮೂರರಲ್ಲಿ 60, ಆಮೇಲೆ 100, ಕೊನೆಯ ಮೂರರಲ್ಲಿ 140 ಪಿಕ್ಸೆಲ್ ಇಳಿಯುತ್ತದೆ. ಬೀಳುವಾಗ ನಿಧಾನವಾಗಿ ಹೊರಟು ವೇಗ ಹಿಡಿಯುವುದಕ್ಕೆ ಈಸ್-ಇನ್ ಎನ್ನುತ್ತಾರೆ, ಪುಟಿದು ಮೇಲೇರುವಾಗ ವೇಗ ಕಳೆದುಕೊಂಡು ತುದಿಯಲ್ಲಿ ನಿಧಾನವಾಗುವುದಕ್ಕೆ ಈಸ್-ಔಟ್ ಎನ್ನುತ್ತಾರೆ. ಇಳಿಯುವುದಕ್ಕೊಂದು, ಏರುವುದಕ್ಕೊಂದು ಎಂದು ಬೇರೆ ಬೇರೆ ಈಸಿಂಗ್ (ವೇಗದ ಏರಿಳಿತ) ಏಕೆ ಬೇಕು ಎಂಬುದನ್ನು ಪುಸ್ತಕ ಹೀಗೆ ಫ್ರೇಮು ಫ್ರೇಮಾಗಿ ಬಿಡಿಸಿ ತೋರಿಸಿದರೆ ಓದುಗನಿಗೆ ಬಸ್ಸು ಹೊರಡುವುದು, ಬಾಗಿಲು ಮುಚ್ಚುವುದು, ಮೆನು ಜಾರಿ ಬರುವುದು ಎಲ್ಲದಕ್ಕೂ ಅದೇ ವಿಚಾರ ಸಾಕಾಗುತ್ತದೆ. ಈ ಪಾಠದ ಇನ್ನೊಂದು ಪ್ರಯೋಜನವೆಂದರೆ ತಂತ್ರಾಂಶ ಬದಲಾದರೂ ಅದು ಹಳತಾಗದು: ಅನಿಮೇಟ್‌ನ ಕ್ಲಾಸಿಕ್ ಟ್ವೀನ್ ನಾವು ಹೇಳದಿದ್ದರೆ ಸಮವೇಗದಲ್ಲಿ ಓಡುತ್ತದೆ, ಸಿಎಸ್‌ಎಸ್ ತಾನಾಗಿಯೇ ಸ್ವಲ್ಪ ಈಸಿಂಗ್ ಹಾಕಿಕೊಳ್ಳುತ್ತದೆ. ಕಾರಣ ಬಲ್ಲವರು ಎರಡೂ ಕಡೆ ಸರಿಪಡಿಸಿಕೊಳ್ಳುತ್ತಾರೆ. ಡಿಸ್ನಿ ಸ್ಟುಡಿಯೊದ ಫ್ರ್ಯಾಂಕ್ ಥಾಮಸ್ ಮತ್ತು ಓಲಿ ಜಾನ್‌ಸ್ಟನ್ 1981ರಲ್ಲಿ ವಿವರಿಸಿದ ಅನಿಮೇಷನ್‌ನ 12 ತತ್ವಗಳಲ್ಲಿ ಇದೂ ಒಂದು. ಆ ಹನ್ನೆರಡನ್ನೂ ಮೊದಲ ಪುಸ್ತಕದಲ್ಲಿ ಹುಡುಕಬೇಕಿಲ್ಲ. ಮೂರೋ ನಾಲ್ಕೋ ಚೆನ್ನಾಗಿ ಬಂದಿದ್ದರೆ ಸಾಕು.

ಟೈಮ್‌ಲೈನ್ ತಂತ್ರಾಂಶದ ಪುಸ್ತಕವಾದರೆ ಓದಿ ನೋಡಬೇಕಾದ ಎರಡನೆಯ ಅಧ್ಯಾಯ ಸಿಂಬಲ್‌ಗಳದು. ಗುಳೇದಗುಡ್ಡದಿಂದ ಬಂದಿದ್ದ ವಿದ್ಯಾರ್ಥಿನಿಯೊಬ್ಬಳು ಖಣದ ಬಟ್ಟೆ ಮಾರುವ ಜಾಲಪುಟಕ್ಕೆಂದು ಒಂದು ಅಂಚು ಮಾಡುತ್ತಿದ್ದಳು. ಖಣದ ಒಂದು ಹೂವನ್ನು ಬಿಡಿಸಿ, ಅದನ್ನೇ ನಕಲು ಮಾಡಿ ಅಂಟಿಸುತ್ತ ಅರವತ್ತು ಹೂವು ಮಾಡಿಟ್ಟಿದ್ದಳು. ಹೂವಿನ ನಡುವಿನ ಬಣ್ಣ ಬದಲಿಸಬೇಕೆಂದು ಮನೆಯವರು ಹೇಳಿದಾಗ ಅರವತ್ತನ್ನೂ ಒಂದೊಂದಾಗಿ ತಿದ್ದಲು ಕುಳಿತಳು. ಅದೇ ಹೂವನ್ನು ಎಫ್ 8 ಒತ್ತಿ ಸಿಂಬಲ್ ಮಾಡಿ ಲೈಬ್ರರಿಯಲ್ಲಿ ಇಟ್ಟಿದ್ದರೆ ಅರವತ್ತೂ ಆ ಒಂದರ ಪ್ರತಿಬಿಂಬಗಳಾಗಿರುತ್ತಿದ್ದವು. ಮೂಲವನ್ನು ತಿದ್ದಿದರೆ ಎಲ್ಲವೂ ತಿದ್ದಿಕೊಳ್ಳುತ್ತಿದ್ದವು, ಕಡತದ ಗಾತ್ರವೂ ಇಳಿಯುತ್ತಿತ್ತು. ಅವಳ ಬಳಿ ಇದ್ದ ಪುಸ್ತಕದಲ್ಲಿ ಸಿಂಬಲ್ ಮಾಡುವ ಕ್ರಮ ಇತ್ತು, ಏಕೆ ಮಾಡಬೇಕೆಂಬುದು ಇರಲಿಲ್ಲ. ಗ್ರಾಫಿಕ್ ಮತ್ತು ಮೂವಿ ಕ್ಲಿಪ್ ಎಂಬ ಎರಡು ಬಗೆಯ ಸಿಂಬಲ್‌ಗಳ ಅಂತರವನ್ನೂ ಇಲ್ಲಿಯೇ ನೋಡಬೇಕು. ಗ್ರಾಫಿಕ್ ಸಿಂಬಲ್ಲಿನ ಒಳಗಿನ ಚಲನೆ ಹೊರಗಿನ ಟೈಮ್‌ಲೈನ್ ಇದ್ದಷ್ಟೇ ನಡೆಯುತ್ತದೆ. ಹೊರಗೆ ಒಂದೇ ಫ್ರೇಮ್ ಇದ್ದರೆ ಅದು ಕಲ್ಲಿನಂತೆ ನಿಂತಿರುತ್ತದೆ. ಮೂವಿ ಕ್ಲಿಪ್ ತನ್ನ ಪಾಡಿಗೆ ತಾನು ಓಡುತ್ತದೆ, ಆದರೆ ಕಂಟ್ರೋಲ್ ಮತ್ತು ಎಂಟರ್ ಒಟ್ಟಿಗೆ ಒತ್ತಿ ಪರೀಕ್ಷಿಸುವವರೆಗೆ ಅದರ ಓಟ ಕಾಣುವುದಿಲ್ಲ. "ಸರ್, ಎಲ್ಲಾ ಬರೋಬ್ಬರಿ ಮಾಡೇನ್ರಿ, ಆದ್ರ ಗೊಂಬಿ ಅಲ್ಲಾಡವಲ್ದು" ಎಂದು ಬರುವವರಲ್ಲಿ ಬಹಳಷ್ಟು ಜನರ ತೊಡಕು ಇದೊಂದೇ ಆಗಿರುತ್ತದೆ.

ಕೋಡಿನ ದಾರಿಯ ಪುಸ್ತಕವಾದರೆ ಪರೀಕ್ಷೆ ಬೇರೆ. ಹೆಚ್ಚಿನ ಪರದೆಗಳು ಸೆಕೆಂಡಿಗೆ 60 ಬಾರಿ ಹೊಸ ಚಿತ್ರ ತೋರಿಸುತ್ತವೆ. ಅಂದರೆ ಒಂದು ಚಿತ್ರ ಸಿದ್ಧಪಡಿಸಲು ಬ್ರೌಸರಿಗೆ ಸಿಗುವ ಕಾಲ ಸುಮಾರು 16.7 ಮಿಲಿಸೆಕೆಂಡ್. ಒಂದು ಪೆಟ್ಟಿಗೆಯನ್ನು ಸರಿಸಲು ಅದರ ಲೆಫ್ಟ್ ಅಥವಾ ಟಾಪ್ ಅಳತೆಯನ್ನು ಬದಲಿಸುತ್ತ ಹೋದರೆ ಬ್ರೌಸರ್ ಪ್ರತಿ ಸಲವೂ ಪುಟದಲ್ಲಿ ಯಾವುದು ಎಲ್ಲಿ ಕೂಡಬೇಕೆಂಬ ಲೆಕ್ಕವನ್ನು ಹೊಸದಾಗಿ ಮಾಡಬೇಕಾಗುತ್ತದೆ. ಟ್ರಾನ್ಸ್‌ಫಾರ್ಮ್ ಎಂಬ ಸಿಎಸ್‌ಎಸ್ ಗುಣವನ್ನು ಬಳಸಿ ಸರಿಸಿದರೆ ಆ ಲೆಕ್ಕದ ಗೋಜಿಲ್ಲ, ಸಿದ್ಧವಾದ ಚಿತ್ರವನ್ನೇ ಆಚೀಚೆ ಸರಿಸಿದಂತೆ ಕೆಲಸ ಮುಗಿಯುತ್ತದೆ, ಪಾರದರ್ಶಕತೆಯನ್ನು ಬದಲಿಸುವ ಒಪಾಸಿಟಿಯೂ ಹಾಗೆಯೇ. ಕಲಿಯುವವರ ಕಂಪ್ಯೂಟರಿನಲ್ಲಿ ಎರಡೂ ಒಂದೇ ರೀತಿ ಕಂಡಾವು. ಆದರೆ ಆ ಪುಟವನ್ನು ನೋಡುವವರು ಹಳ್ಳಿಯಲ್ಲಿ ಕಡಿಮೆ ಬೆಲೆಯ ಮೊಬೈಲ್ ಹಿಡಿದವರಾಗಿದ್ದರೆ ಮೊದಲನೆಯದು ತಡವರಿಸುತ್ತದೆ, ಎರಡನೆಯದು ನೀರಿನಂತೆ ಹರಿಯುತ್ತದೆ. ಈ ವಿಷಯ ಪುಸ್ತಕದ ಮೊದಲ ಅರ್ಧದಲ್ಲಿಯೇ ಬರಬೇಕು; ಕೊನೆಯ ಅನುಬಂಧದಲ್ಲಿ ಬಂದರೆ ಅಷ್ಟರೊಳಗೆ ತಪ್ಪು ಅಭ್ಯಾಸ ಬೇರೂರಿರುತ್ತದೆ.

ನೋಡುವವರ ಬಗ್ಗೆ ಪುಸ್ತಕಕ್ಕೆ ಕಾಳಜಿ ಇದೆಯೇ ಎಂಬುದನ್ನೂ ನಾನು ಮುಖ್ಯವೆಂದು ಭಾವಿಸುತ್ತೇನೆ. ಚಲಿಸುವ ಚಿತ್ರ ಕೆಲವರಿಗೆ ತಲೆಸುತ್ತು ತರುತ್ತದೆ. ಬೇಗ ಬೇಗ ಮಿಂಚುವ ಬೆಳಕು ಕೆಲವರಲ್ಲಿ ಅಪಸ್ಮಾರವನ್ನು ಕೆರಳಿಸಬಹುದು. ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ಮಾರ್ಗಸೂಚಿಯ ಪ್ರಕಾರ, ತಾನಾಗಿಯೇ ಶುರುವಾಗಿ ಉಳಿದ ವಿಷಯದ ಪಕ್ಕದಲ್ಲಿ 5 ಸೆಕೆಂಡಿಗಿಂತ ಹೆಚ್ಚು ಕಾಲ ಚಲಿಸುವುದನ್ನು ನಿಲ್ಲಿಸಲು ನೋಡುವವರಿಗೆ ಅವಕಾಶವಿರಬೇಕು, ಯಾವುದೂ ಸೆಕೆಂಡಿಗೆ 3ಕ್ಕಿಂತ ಹೆಚ್ಚು ಬಾರಿ ಮಿಂಚಬಾರದು. ಚಲನೆ ಕಡಿಮೆ ಇರಲಿ ಎಂದು ಬಳಕೆದಾರರು ತಮ್ಮ ಫೋನಿನಲ್ಲಿ ಆರಿಸಿಕೊಂಡಿದ್ದರೆ ಅದನ್ನು ತಿಳಿದು ಗೌರವಿಸುವ ವ್ಯವಸ್ಥೆಯೂ ಸಿಎಸ್‌ಎಸ್‌ನಲ್ಲಿದೆ. ಇದಕ್ಕೆ ಎರಡು ಪುಟವನ್ನಾದರೂ ಮೀಸಲಿಟ್ಟ ಪುಸ್ತಕವನ್ನು ನಾನು ಉಳಿದವುಗಳಿಗಿಂತ ಮೇಲೆ ಇಡುತ್ತೇನೆ.

ಉಳಿದ ಸಂಗತಿಗಳನ್ನು ಬೇಗ ಹೇಳಬಹುದು. ಈಸಿಂಗ್ ರೇಖೆಗಳನ್ನೂ ಪದರಗಳನ್ನೂ ಬಣ್ಣದಿಂದ ಗುರುತಿಸುವ ಪುಸ್ತಕವನ್ನು ಕಪ್ಪುಬಿಳುಪಿನಲ್ಲಿ ಅಚ್ಚು ಹಾಕಿದ್ದರೆ ಪಾಠವೇ ಅರ್ಥವಾಗದು. ಅಭ್ಯಾಸದ ಕಡತಗಳು ಸಿಡಿಯಲ್ಲಿದ್ದರೆ ಈಗಿನ ಲ್ಯಾಪ್‌ಟಾಪಿನಲ್ಲಿ ಅದನ್ನು ಹಾಕುವ ಜಾಗವೇ ಇರುವುದಿಲ್ಲ. ಜಾಲತಾಣದಲ್ಲಿದ್ದರೆ ಆ ವಿಳಾಸ ಇನ್ನೂ ತೆರೆಯುತ್ತದೆಯೇ ಎಂದು ಅಂಗಡಿಯಲ್ಲಿ ನಿಂತೇ ಫೋನಿನಲ್ಲಿ ನೋಡಿಬಿಡಬೇಕು. ಬೆಲೆಯ ಮಾತೂ ಹಳತಾಗುತ್ತದೆ: ಜಿಸ್ಯಾಪ್ ಎಂಬ ಪ್ರಸಿದ್ಧ ಜಾವಾಸ್ಕ್ರಿಪ್ಟ್ ಲೈಬ್ರರಿಯ (ಸಿದ್ಧ ಕೋಡಿನ ಸಂಗ್ರಹದ) ಕೆಲವು ಪ್ಲಗಿನ್‌ಗಳಿಗೆ ಹಣ ಕೊಡಬೇಕೆಂದು ಹಳೆಯ ಪುಸ್ತಕಗಳು ಹೇಳುತ್ತವೆ, 2025ರಿಂದ ಅವೆಲ್ಲ ಉಚಿತವಾಗಿವೆ. ಅನಿಮೇಟ್‌ಗೆ ಚಂದಾ ಕಟ್ಟಲು ಆಗದವರು ಸಿನ್‌ಫಿಗ್ ಎಂಬ ಮುಕ್ತ ತಂತ್ರಾಂಶದಲ್ಲಿ ಕೀಫ್ರೇಮಿನ ಪಾಠಗಳನ್ನು ಮಾಡಬಹುದು. ಸಿಎಸ್‌ಎಸ್ ಕಲಿಯಲು ಬ್ರೌಸರ್ ಮತ್ತು ನೋಟ್‌ಪ್ಯಾಡ್ ಸಾಕು. ಪುಸ್ತಕ ಇಂಗ್ಲಿಷಿನಲ್ಲಿದೆಯೆಂದು ಹಿಂಜರಿಯುವ ಅಗತ್ಯವಿಲ್ಲ, ಏಕೆಂದರೆ ತಂತ್ರಾಂಶದ ಮೆನುವಿನಲ್ಲಿ ಕಾಣುವುದು ಅವೇ ಪದಗಳು. ವಾಕ್ಯ ಚಿಕ್ಕದಾಗಿದ್ದು, ಪ್ರತಿ ಹೊಸ ಪದವನ್ನು ಬಳಸುವ ಮೊದಲು ಅದರ ಅರ್ಥ ಹೇಳಿದೆಯೇ ಎಂದು ನೋಡಿಕೊಂಡರೆ ಆಯಿತು.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಮಾತ್ರ ಒಂದು ವಿಷಯವನ್ನು ಈ ಪುಸ್ತಕಗಳು ಹೇಳಿಕೊಡುವುದಿಲ್ಲ, ಇಂಗ್ಲಿಷ್ ಓದುಗರಿಗೆ ಅದರ ಅಗತ್ಯವೇ ಬೀಳದಿರುವುದರಿಂದ. ಹೆಸರಿನ ಅಕ್ಷರಗಳು ಒಂದೊಂದಾಗಿ ಮೂಡಿಬರುವ ಅನಿಮೇಷನ್ ಎಲ್ಲ ಪುಸ್ತಕಗಳಿಗೂ ಪ್ರಿಯವಾದ ಪಾಠ. ಅಲ್ಲಿ ಕೊಟ್ಟ ಕೋಡಿಗೆ ಬೆಳಗಾವಿ ಎಂಬ ಪದವನ್ನು ಕೊಟ್ಟರೆ ನಮ್ಮ ಕಣ್ಣಿಗೆ ಕಾಣುವ ನಾಲ್ಕು ಅಕ್ಷರಗಳನ್ನು ಅದು ಏಳು ತುಂಡು ಮಾಡುತ್ತದೆ, ಏಕೆಂದರೆ ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಯೂನಿಕೋಡ್ ವ್ಯವಸ್ಥೆಯಲ್ಲಿ ಬ ಬೇರೆ, ಅದರ ಎತ್ವ ಬೇರೆ. ಗ ಬೇರೆ, ಅದರ ದೀರ್ಘ ಬೇರೆ. ವ ಬೇರೆ, ಅದರ ಗುಡಿಸು ಬೇರೆ. ತುಂಡಾದ ಸ್ವರಚಿಹ್ನೆಗಳು ಚುಕ್ಕಿಯ ವೃತ್ತದ ಪಕ್ಕದಲ್ಲಿ ಒಂಟಿಯಾಗಿ ನಿಲ್ಲುತ್ತವೆ, ಒತ್ತಕ್ಷರವಿದ್ದರೆ ಅದೂ ಒಡೆದುಹೋಗುತ್ತದೆ. ಪುಸ್ತಕದ ಕೋಡನ್ನು ಬಿಟ್ಟು, ಬೆ, ಳ, ಗಾ, ವಿ ಎಂದು ನಾವೇ ವಿಂಗಡಿಸಿ ಪ್ರತಿಯೊಂದನ್ನೂ ಸ್ಪ್ಯಾನ್ ಎಂಬ ಒಂದು ಎಚ್‌ಟಿಎಮ್‌ಎಲ್ ಟ್ಯಾಗಿನೊಳಗೆ ಇಡಬೇಕು. ಸಾಲಿನೊಳಗಿನ ಸ್ಪ್ಯಾನ್‌ಗೆ ಟ್ರಾನ್ಸ್‌ಫಾರ್ಮ್ ಹತ್ತುವುದಿಲ್ಲವಾದ್ದರಿಂದ ಅದರ ಡಿಸ್‌ಪ್ಲೇಯನ್ನು ಇನ್‌ಲೈನ್-ಬ್ಲಾಕ್ ಎಂದು ಬದಲಿಸಬೇಕು. ಎರಡನೆಯದಕ್ಕೆ 0.1, ಮೂರನೆಯದಕ್ಕೆ 0.2, ನಾಲ್ಕನೆಯದಕ್ಕೆ 0.3 ಸೆಕೆಂಡ್ ತಡ ಕೊಟ್ಟರೆ ಊರಿನ ಹೆಸರು ಎಡದಿಂದ ಬಲಕ್ಕೆ ಒಂದೊಂದೇ ಅಕ್ಷರವಾಗಿ, ಕಾಗುಣಿತ ಕೆಡದೆ ಮೂಡುತ್ತದೆ.